ಎರಡು ಸಲ ಸುಟ್ಟಿತೆಂಬ ಚರ್ಚು

ಮೇಷ್ಟರ ವೃತ್ತಿಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಇತಿಹಾಸವನ್ನು ಬೋಧಿಸಿದವನಿಗೆ ಒಂದು ದುರಭ್ಯಾಸ ಅಂಟಿಕೊಂಡಿರುತ್ತದೆ. ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ತಿಳಿದಿದೆಯೋ ಇಲ್ಲವೋ ಎಂದು ಯೋಚಿಸುವ ಮೊದಲೇ ಬಾಯಿ ತೆರೆದುಕೊಳ್ಳುತ್ತದೆ. 2008ರ ಏಪ್ರಿಲ್ ತಿಂಗಳಿನಲ್ಲಿ ಅಮೆರಿಕೆಯ ದಕ್ಷಿಣ ಕೆರೊಲಿನಾ ರಾಜ್ಯದ ಒಂದು ಓಕ್ ತೋಪಿನಲ್ಲಿ ನನಗಾದದ್ದೂ ಇದೇ. ಆ ಪ್ರಸಂಗವನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಮೊನ್ನೆ ಹಳೆಯ ಟ್ರಂಕಿನಲ್ಲಿ ಆ ಪ್ರವಾಸದ ಟಿಪ್ಪಣಿ ಪುಸ್ತಕ ಸಿಕ್ಕಿತು. ಇನ್ನು ತಡಮಾಡುವುದು ಬೇಡವೆಂದು ಕುಳಿತಿದ್ದೇನೆ.

ಆಗ ಮಗಳು ಅಳಿಯ ಜಾರ್ಜಿಯಾ ರಾಜ್ಯದ ಸವಾನ್ನಾ ನಗರದಲ್ಲಿದ್ದರು. ನಾನೂ ನನ್ನ ಶ್ರೀಮತಿಯೂ ಮೂರು ತಿಂಗಳು ಅಲ್ಲಿದ್ದೆವು. ಒಂದು ಭಾನುವಾರ ಅಳಿಯ, "ಮಾವ, ಒಂದು ಗಂಟೆ ದಾರಿ, ಹಳೇ ಚರ್ಚಿನ ಅವಶೇಷ ಇದೆ, ನಿಮಗೆ ಇಷ್ಟವಾಗಬಹುದು" ಎಂದರು. ಹಂಪೆ, ಶ್ರೀರಂಗಪಟ್ಟಣಗಳನ್ನು ಕಂಡವನಿಗೆ ಇವರು ಇನ್ನೂರೈವತ್ತು ವರ್ಷದ ಇಟ್ಟಿಗೆ ಗೋಡೆಯನ್ನು ತೋರಿಸುತ್ತಾರಂತೆ ಎಂದು ಮನಸ್ಸಿನಲ್ಲೇ ನಕ್ಕು ಕಾರು ಹತ್ತಿದೆ.

ಸವಾನ್ನಾ ನದಿಯನ್ನು ದಾಟಿದರೆ ದಕ್ಷಿಣ ಕೆರೊಲಿನಾ. ಸಮುದ್ರದ ಉಬ್ಬರವಿಳಿತಕ್ಕೆ ತುಂಬಿ ಬರಿದಾಗುವ ಜೌಗು ನೆಲ, ಹುಲ್ಲಿನ ನಡುವೆ ಹೊಳೆಯುವ ನೀರು. ಬ್ಯೂಫರ್ಟ್ ಜಿಲ್ಲೆಯ ಗಾರ್ಡನ್ಸ್ ಕಾರ್ನರ್ ಎಂಬಲ್ಲಿಂದ ಯೆಮಸ್ಸಿ ಊರಿನ ಕಡೆಗೆ ಹೋಗುವ ಕಿರುದಾರಿಯ ಇಕ್ಕೆಲಗಳಲ್ಲೂ ಮುದಿ ಓಕ್ ಮರಗಳು. ಅವುಗಳ ಕೊಂಬೆಗಳಿಂದ ಬೂದುಬಣ್ಣದ ಜಡೆಗಳಂತೆ ಇಳಿಬಿದ್ದಿರುವುದಕ್ಕೆ ಅಲ್ಲಿಯವರು ಸ್ಪ್ಯಾನಿಷ್ ಪಾಚಿ ಎನ್ನುತ್ತಾರೆ. ವಾಸ್ತವವಾಗಿ ಅದು ಪಾಚಿಯೂ ಅಲ್ಲ, ಬಂದಳಿಕೆಯೂ ಅಲ್ಲ. ಅನಾನಸ್ಸಿನ ಕುಲಕ್ಕೆ ಸೇರಿದ ಸಸ್ಯ. ಮರದ ರಸ ಹೀರದೆ ಗಾಳಿಯ ತೇವದಲ್ಲೇ ಬದುಕುತ್ತದೆ.

ಆ ಮರಗಳ ನಡುವೆ ತಟ್ಟನೆ ಗೋಡೆಗಳು ಕಾಣಿಸಿದವು. ಮಾಡಿಲ್ಲ, ಬಾಗಿಲಿಲ್ಲ, ಒಂದು ಹಲಗೆಯೂ ಇಲ್ಲ. ಎದುರಿಗೆ ನಾಲ್ಕು ದಪ್ಪ ಇಟ್ಟಿಗೆ ಕಂಬಗಳು. ಅವು ಹೊತ್ತಿದ್ದ ಮುಖಮಂಟಪದ ಮೇಲ್ಭಾಗ ಬಿದ್ದುಹೋಗಿ ಕಂಬಗಳು ಮಾತ್ರ ಆಕಾಶಕ್ಕೆ ಮುಖಮಾಡಿ ನಿಂತಿವೆ. ಪಕ್ಕದ ಗೋಡೆಗಳಿಗೆ ಅಂಟಿದ ಅರೆಗಂಬಗಳು, ಅವುಗಳ ನಡುವೆ ಕಮಾನು ಕಿಟಕಿಗಳು. ಕಿಟಕಿಯೆಂದರೆ ಬರಿಯ ತೆರಪು, ಅದರಾಚೆ ಹಸಿರು. ಒಳಗೆ ಹುಲ್ಲು ನೆಲ, ಸುತ್ತ ಗೋರಿಗಳು. ನಾನು ನಕ್ಕದ್ದನ್ನು ಅಲ್ಲಿಯೇ ವಾಪಸು ತೆಗೆದುಕೊಂಡೆ.

ಇದು ಶೆಲ್ಡನ್ ಚರ್ಚು. ದಾಖಲೆಯ ಹೆಸರು ಪ್ರಿನ್ಸ್ ವಿಲಿಯಮ್ಸ್ ಪ್ಯಾರಿಷ್ ಚರ್ಚು. ಪ್ಯಾರಿಷ್ ಎಂದರೆ ಒಬ್ಬ ಪಾದ್ರಿಯ ವ್ಯಾಪ್ತಿಗೆ ಸೇರಿದ ಸೀಮೆ. ಆ ವಸಾಹತಿನಲ್ಲಿ 1706ರ ಕಾಯಿದೆಯ ಮೂಲಕ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚೇ ಸರಕಾರಿ ಚರ್ಚಾಗಿತ್ತು. ಮುಂದೆ ಶಾಸನಸಭೆಗೆ ಪ್ರತಿನಿಧಿಗಳನ್ನು ಆರಿಸುವುದೂ ಪ್ಯಾರಿಷ್ಷಿನ ಲೆಕ್ಕದಲ್ಲೇ ನಡೆಯಿತು. 1745ರಲ್ಲಿ ಹಳೆಯ ಸೇಂಟ್ ಹೆಲೆನಾ ಪ್ಯಾರಿಷ್ಷಿನಿಂದ ಇದನ್ನು ಬೇರ್ಪಡಿಸಿ, ದೊರೆ ಎರಡನೆಯ ಜಾರ್ಜನ ಮಗ ವಿಲಿಯಂ ರಾಜಕುಮಾರನ ಹೆಸರಿಟ್ಟರು. ಕಟ್ಟಡ ಪೂರ್ಣಗೊಂಡದ್ದು 1750ರ ದಶಕದಲ್ಲಿ. ಗ್ರೀಕ್ ದೇವಾಲಯದ ಮಾದರಿಯನ್ನು ಬುದ್ಧಿಪೂರ್ವಕವಾಗಿ ಅನುಸರಿಸಲು ಅಮೆರಿಕೆಯಲ್ಲಿ ನಡೆದ ಮೊದಲ ಪ್ರಯತ್ನವಿದೆಂದು ವಾಸ್ತುಶಿಲ್ಪ ಬಲ್ಲವರು ಗುರುತಿಸಿದ್ದಾರೆ. 1970ರಲ್ಲಿ ಇದು ಅಮೆರಿಕೆಯ ರಾಷ್ಟ್ರೀಯ ಚಾರಿತ್ರಿಕ ಸ್ಥಳಗಳ ಪಟ್ಟಿಗೆ ಸೇರಿತು.

ಎಪಿಸ್ಕೋಪಲ್ ಎಂಬ ಪದಕ್ಕೆ ಬಿಷಪ್ಪರ ಆಡಳಿತವುಳ್ಳದ್ದು ಎಂದು ಅರ್ಥ. ಸ್ವಾತಂತ್ರ್ಯಯುದ್ಧವಾದ ಮೇಲೆ ಅಮೆರಿಕೆಯ ಆಂಗ್ಲಿಕನ್ನರಿಗೆ ಒಂದು ಪೇಚು ಎದುರಾಯಿತು. ಬಿಷಪ್ಪನಾಗಬೇಕಾದರೆ ಇಂಗ್ಲೆಂಡಿನ ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕು. ಅದೇ ದೊರೆಯ ವಿರುದ್ಧ ಬಂಡೆದ್ದು ಗೆದ್ದವರು ಪ್ರಮಾಣ ಮಾಡುವುದೆಂತು? ಸ್ಯಾಮ್ಯುಯೆಲ್ ಸೀಬರಿ ಎಂಬುವರು 1784ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ, ಆ ಪ್ರಮಾಣದ ಕಟ್ಟಿಲ್ಲದ ಬಿಷಪ್ಪರಿಂದ ದೀಕ್ಷೆ ಪಡೆದು ಬಂದರು. 1789ರಲ್ಲಿ ಎಪಿಸ್ಕೋಪಲ್ ಚರ್ಚಿಗೆ ತನ್ನದೇ ಸಂವಿಧಾನ ಬಂತು. ನಮ್ಮಲ್ಲಿ 1947ರ ಸೆಪ್ಟೆಂಬರಿನಲ್ಲಿ ಆಂಗ್ಲಿಕನ್ನರೂ ಇತರರೂ ಕೂಡಿ ದಕ್ಷಿಣ ಭಾರತ ಸಭೆಯಾದದ್ದನ್ನು ಬಲ್ಲವರಿಗೆ ಇಂಥ ಮಾರ್ಪಾಡು ಹೊಸತೆನಿಸದು.

ಈಗ ನನ್ನ ಬಾಯಿಯ ವಿಷಯಕ್ಕೆ ಬರುತ್ತೇನೆ. ಕಂಬಗಳ ಮುಂದೆ ನಿಂತು ಅಳಿಯ ಕೇಳಿದರು: "ಇದನ್ನ ಬ್ರಿಟಿಷರು ಸುಟ್ಟರಂತಲ್ಲ ಮಾವ, ಯಾರು ಸುಟ್ಟದ್ದು?" ನಾನು ಹಿಂದುಮುಂದು ನೋಡದೆ, "ಇನ್ಯಾರು, ಕಾರ್ನ್‌ವಾಲಿಸ್" ಎಂದುಬಿಟ್ಟೆ. ಹೇಳಿದ ಮೇಲೆ ಮಾತಿಗೆ ವೇಗ ಬಂತು. ಯಾರ್ಕ್‌ಟೌನಿನಲ್ಲಿ 1781ರಲ್ಲಿ ಶರಣಾದ ಇದೇ ಮಹಾಶಯ 1786ರಲ್ಲಿ ಗವರ್ನರ್ ಜನರಲ್ಲಾಗಿ ಭಾರತಕ್ಕೆ ಬಂದದ್ದು, 1791ರ ಮಾರ್ಚಿನಲ್ಲಿ ಬೆಂಗಳೂರಿನ ಕೋಟೆ ಹಿಡಿದದ್ದು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಳುಗಳಾಗಿ ಒಯ್ದದ್ದು, ಎಲ್ಲವನ್ನೂ ಅಲ್ಲೇ ಒಂದು ಪಿರಿಯಡ್ಡು ಪಾಠ ಮಾಡಿದೆ. ಅಳಿಯ ವಿನಯದಿಂದ ತಲೆದೂಗುತ್ತಿದ್ದರು. ಅಷ್ಟರಲ್ಲಿ ತನ್ನ ಕೈಪಿಡಿಯನ್ನು ತಿರುವುತ್ತಿದ್ದ ಮಗಳು, "ಅಪ್ಪ, ಸುಟ್ಟಿದ್ದು 1779ರಲ್ಲಿ, ಪ್ರೆವೋ ಅನ್ನೋನು. ಕಾರ್ನ್‌ವಾಲಿಸ್ ಇಲ್ಲಿಗೆ ಬಂದದ್ದೇ ಮಾರನೇ ವರ್ಷ" ಎಂದಳು. ಶ್ರೀಮತಿ ಮುಖ ಆಚೆ ತಿರುಗಿಸಿ ನಕ್ಕದ್ದು ನನಗೆ ಕಾಣಿಸಿತು.

ಮಗಳು ಹೇಳಿದ್ದೇ ಸರಿ. 1778ರ ಡಿಸೆಂಬರಿನಲ್ಲಿ ಸವಾನ್ನಾ ಬ್ರಿಟಿಷರ ವಶವಾಯಿತು. ಮರುವರ್ಷದ ಮೇ ತಿಂಗಳಲ್ಲಿ ಸ್ವಿಸ್ ಮೂಲದ ಜನರಲ್ ಆಗಸ್ಟಿನ್ ಪ್ರೆವೋ ತನ್ನ ಪಡೆಯೊಡನೆ ಚಾರ್ಲ್ಸ್‌ಟನ್ನಿನವರೆಗೂ ನುಗ್ಗಿದ. ಆ ದಂಡಯಾತ್ರೆಯಲ್ಲಿ ಚರ್ಚು ಬೆಂಕಿಗೆ ಆಹುತಿಯಾಯಿತು. ಕಾರ್ನ್‌ವಾಲಿಸ್ ಬಂದು ಚಾರ್ಲ್ಸ್‌ಟನ್ನಿನ ಮುತ್ತಿಗೆಯಲ್ಲಿ ಭಾಗಿಯಾದದ್ದು 1780ರಲ್ಲಿ. ಸುಟ್ಟ ಚರ್ಚು ಸುಮಾರು ನಲವತ್ತೈದು ವರ್ಷ ಹಾಗೆಯೇ ಇದ್ದು, ಗಟ್ಟಿಯಾಗಿದ್ದ ಗೋಡೆಗಳನ್ನೇ ಬಳಸಿ 1826ರ ವೇಳೆಗೆ ಪುನಃ ಎದ್ದಿತು. ಮತ್ತೆ 1865ರ ಜನವರಿಯಲ್ಲಿ, ಅಂತರ್ಯುದ್ಧದ ಕೊನೆಗಾಲದಲ್ಲಿ, ಉತ್ತರದ ಜನರಲ್ ಶೆರ್ಮನ್ನನ ಸೇನೆ ಇದನ್ನು ಸುಟ್ಟಿತೆಂದು ಫಲಕ ಹೇಳುತ್ತದೆ. ಎರಡು ಯುದ್ಧ, ಎರಡು ಬೆಂಕಿ. ಪರೀಕ್ಷೆಯಲ್ಲಿ ಎರಡಂಕದ ಪ್ರಶ್ನೆಗೆ ಹೇಳಿ ಮಾಡಿಸಿದಂಥ ಉತ್ತರ.

ಒಳಗಿನ ಹುಲ್ಲಿನಲ್ಲಿ ಒಂದು ಗೋರಿಯಿದೆ. ಅದು ಈ ಚರ್ಚನ್ನು ಕಟ್ಟಲು ಮುಂದಾದ ಬುಲ್ ಮನೆತನದ ವಿಲಿಯಂ ಬುಲ್ಲನದು. ಇಂಗ್ಲೆಂಡಿನಲ್ಲಿದ್ದ ತಮ್ಮ ಪೂರ್ವಿಕರ ಮನೆ ಶೆಲ್ಡನ್ ಹಾಲ್‌ನ ಹೆಸರನ್ನೇ ಆತ ತನ್ನ ತೋಟಕ್ಕೆ ಇಟ್ಟ. ಅದೇ ಚರ್ಚಿನ ರೂಢಿಯ ಹೆಸರಾಯಿತು. 1733ರಲ್ಲಿ ಓಗಲ್‌ಥಾರ್ಪನಿಗೆ ನೆರವಾಗಿ ಸವಾನ್ನಾ ನಗರದ ಬೀದಿಗಳನ್ನು ಗುರುತು ಹಾಕಿದವರಲ್ಲಿ ಆತನೂ ಒಬ್ಬ. ಮುಂದೆ ಲೆಫ್ಟಿನೆಂಟ್ ಗವರ್ನರ್ ಆಗಿ ವಸಾಹತಿನ ಆಡಳಿತ ನಡೆಸಿ 1755ರಲ್ಲಿ ತೀರಿಕೊಂಡ.

ಈ ಸಿರಿ ಬಂದದ್ದು ಎಲ್ಲಿಂದ? ಭತ್ತದಿಂದ. ಮಂಡ್ಯ ಸೀಮೆಯ ನಾಲೆ ನೀರಿನಲ್ಲಿ ಬೆಳೆದ ನನಗೆ ಇಲ್ಲಿ ಕಾಲು ನಿಂತಿತು. ಈ ಕರಾವಳಿಯ ಜೌಗಿನಲ್ಲಿ ಏರಿ ಕಟ್ಟಿ, ಮರದ ತೂಬುಗಳನ್ನಿಟ್ಟು, ಸಮುದ್ರದ ಉಬ್ಬರಕ್ಕೆ ನದಿಯ ಸಿಹಿನೀರು ಮೇಲೇರಿದಾಗ ಗದ್ದೆಗೆ ಹಾಯಿಸಿ, ಇಳಿತದಲ್ಲಿ ಬಸಿದುಬಿಡುತ್ತಿದ್ದರು. ಏರಿ ಕಟ್ಟಿದವರು, ತೂಬು ಕಾದವರು, ನಾಟಿ ಮಾಡಿದವರು, ಒರಳಿನಲ್ಲಿ ಕುಟ್ಟಿದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಅವರಲ್ಲಿ ಅನೇಕರು ಪಶ್ಚಿಮ ಆಫ್ರಿಕದ ಭತ್ತ ಬೆಳೆಯುವ ಸೀಮೆಯವರು. ಮಾಲೀಕರಿಗೆ ಅರಿಯದಿದ್ದ ಬೇಸಾಯದ ವಿದ್ಯೆ ಅವರ ಕೈಯಲ್ಲಿತ್ತು. 1860ರ ಜನಗಣತಿಯ ಹೊತ್ತಿಗೆ ಬ್ಯೂಫರ್ಟ್ ಜಿಲ್ಲೆಯ ಜನರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಗುಲಾಮರೇ. ಅವರ ವಂಶಸ್ಥರು ಗುಲ್ಲಾ ಎಂಬ ತಮ್ಮದೇ ನುಡಿಯನ್ನು ಇಂದಿಗೂ ಉಳಿಸಿಕೊಂಡಿದ್ದಾರೆ.

ಬುಲ್ಲನ ಗೋರಿಯ ಮುಂದೆ ನಿಂತಾಗ ನನಗೆ ತಿಳಿಯದಿದ್ದ, ಅನಂತರ ಸವಾನ್ನಾದ ಗ್ರಂಥಾಲಯದಲ್ಲಿ ಓದಿ ತಿಳಿದ ಸಂಗತಿಯೊಂದಿದೆ. 1739ರ ಸೆಪ್ಟೆಂಬರ್ 9ರ ಭಾನುವಾರ ಸ್ಟೋನೋ ಎಂಬ ಹೊಳೆಯ ಬಳಿ ಸುಮಾರು ಇಪ್ಪತ್ತು ಮಂದಿ ಗುಲಾಮರು ಆಯುಧದ ಅಂಗಡಿಯನ್ನು ಒಡೆದು, ಬಿಡುಗಡೆಯ ಭರವಸೆಯಿದ್ದ ಸ್ಪೇನಿನ ಫ್ಲಾರಿಡಾ ಕಡೆಗೆ ಹೊರಟರು. ದಾರಿಯಲ್ಲಿ ಮತ್ತಷ್ಟು ಜನ ಕೂಡಿಕೊಂಡರು. ಇಪ್ಪತ್ತಕ್ಕೂ ಹೆಚ್ಚು ಬಿಳಿಯರು ಹತರಾದರು. ಅದೇ ದಿನ ಚಾರ್ಲ್ಸ್‌ಟನ್ನಿಗೆ ಕುದುರೆಯ ಮೇಲೆ ಹಿಂದಿರುಗುತ್ತಿದ್ದ ವಿಲಿಯಂ ಬುಲ್ ಆಕಸ್ಮಿಕವಾಗಿ ಅವರ ಎದುರಿಗೇ ಬಂದು, ಕುದುರೆ ತಿರುಗಿಸಿ ತಪ್ಪಿಸಿಕೊಂಡು, ಸುದ್ದಿ ಮುಟ್ಟಿಸಿದ. ದಂಗೆಯನ್ನು ಸಂಜೆಯೊಳಗೆ ರಕ್ತದಲ್ಲಿ ಅಡಗಿಸಲಾಯಿತು. ಮರುವರ್ಷ, ಬುಲ್ಲನ ಆಡಳಿತದಲ್ಲೇ, ಕರಿಯರ ಕಾಯಿದೆ ಎಂಬ ಕ್ರೂರ ಶಾಸನ ಬಂತು. ಅದರ ಒಂದು ವಿಧಿಯನ್ನು ಮೇಷ್ಟರಾಗಿದ್ದವರು ಯಾರೂ ಸುಮ್ಮನೆ ಓದಿ ಮುಂದೆ ಹೋಗಲಾರರು. ಗುಲಾಮನಿಗೆ ಬರೆಯಲು ಕಲಿಸಿದವನಿಗೆ ನೂರು ಪೌಂಡು ದಂಡ!

ಅದೇ ಗ್ರಂಥಾಲಯದಲ್ಲಿ ಇನ್ನೊಂದು ಪುಸ್ತಕ ಕೈಗೆ ಬಂತು. ಲೆವರೆಟ್ ಎಂಬ ಮನೆತನದವರು ಅಂತರ್ಯುದ್ಧದ ಆಸುಪಾಸಿನಲ್ಲಿ ಬರೆದ ಪತ್ರಗಳ ಸಂಕಲನ, 2000ದಲ್ಲಿ ಪ್ರಕಟವಾದದ್ದು. ಎಪಿಸ್ಕೋಪಲ್ ಪಾದ್ರಿಯೊಬ್ಬರ ಮಗ ಮಿಲ್ಟನ್ ಲೆವರೆಟ್, ಯುದ್ಧ ಮುಗಿದು ತನ್ನ ಸೀಮೆಗೆ ಮರಳಿ ನೋಡಿ, 1866ರ ಫೆಬ್ರವರಿಯಲ್ಲಿ ಮನೆಗೊಂದು ಪತ್ರ ಬರೆದಿದ್ದಾನೆ. ಶೆಲ್ಡನ್ ಚರ್ಚು ಸುಟ್ಟಿಲ್ಲ, ಒಳಗಿನ ಸಾಮಗ್ರಿಯನ್ನು ಕಿತ್ತು ಹಾಕಿದ್ದಾರೆ, ಆದರೂ ದುರಸ್ತಿ ಮಾಡಬಹುದು ಎಂಬುದು ಅದರ ತಾತ್ಪರ್ಯ. ಸೇನೆ ಬಂದು ಹೋಗಿ ಒಂದು ವರ್ಷವಾದ ಮೇಲೆ, ಕಣ್ಣಾರೆ ಕಂಡವನು, ಸೋತ ದಕ್ಷಿಣದ ಪಕ್ಷದಲ್ಲಿ ಹೋರಾಡಿದವನು ಬರೆದ ಮಾತಿದು. ಶೆರ್ಮನ್ನನನ್ನು ಕಾಪಾಡುವ ಅಗತ್ಯ ಅವನಿಗೆ ಎಳ್ಳಷ್ಟೂ ಇರಲಿಲ್ಲ. ಹಾಗಾದರೆ ಹಲಗೆ, ತೊಲೆ, ಬಾಗಿಲು ಎಲ್ಲಿ ಹೋದವು? ಸೇನೆ ಸುತ್ತಲಿನ ಮನೆಮಾರುಗಳನ್ನು ಸುಟ್ಟಿತ್ತು. ಜನರಿಗೆ ಸೂರು ಬೇಕಾಗಿತ್ತು. ಊರಿನವರೇ ಚರ್ಚಿನ ಮರಮುಟ್ಟುಗಳನ್ನು ಕಿತ್ತೊಯ್ದು ತಮ್ಮ ಮನೆಗಳಿಗೆ ಬಳಸಿಕೊಂಡರೆಂದು ಇತಿಹಾಸಕಾರರು ಈಗ ಹೇಳುತ್ತಾರೆ. ಎರಡನೆಯ ಬೆಂಕಿ ಬಹುಶಃ ಹತ್ತಲೇ ಇಲ್ಲ.

ಇದನ್ನು ಓದಿ ನನಗೆ ಹಗುರವೂ ಆಯಿತು, ಕಸಿವಿಸಿಯೂ ಆಯಿತು. ತಪ್ಪು ಹೇಳಿದವನು ನಾನೊಬ್ಬನೇ ಅಲ್ಲ, ಫಲಕವೂ ಹೇಳಿದೆ ಎಂಬುದು ಹಗುರ. ಕಸಿವಿಸಿಗೆ ಕಾರಣ ಬೇರೆ. ಆ ಪತ್ರ ಉಳಿದದ್ದು ಅಕ್ಷರ ಬಲ್ಲ ಮನೆತನವೊಂದು ಅದನ್ನು ಜೋಪಾನ ಮಾಡಿದ್ದರಿಂದ. 1865ರ ಅದೇ ಜನವರಿಯ 16ರಂದು ಶೆರ್ಮನ್ ಈ ಕರಾವಳಿಯ ನೆಲವನ್ನು ಬಿಡುಗಡೆಯಾದ ಗುಲಾಮ ಕುಟುಂಬಗಳಿಗೆ ನಲವತ್ತು ಎಕರೆಯಂತೆ ಹಂಚುವ ಆಜ್ಞೆ ಹೊರಡಿಸಿದ್ದ. ವರ್ಷ ತುಂಬುವ ಮೊದಲೇ ಅಧ್ಯಕ್ಷ ಜಾನ್ಸನ್ ಅದನ್ನು ಹಿಂತೆಗೆದುಕೊಂಡು ನೆಲವನ್ನು ಹಳೆಯ ಮಾಲೀಕರಿಗೇ ಮರಳಿಸಿದ. ಚರ್ಚಿನ ಹಲಗೆ ಯಾರು ಹೊತ್ತರು, ಯಾವ ಗುಡಿಸಿಲಿಗೆ ಸೇರಿತು ಎಂಬುದನ್ನು ಕಂಡಿದ್ದ ಎಷ್ಟೋ ಕಣ್ಣುಗಳ ಒಡೆಯರಿಗೆ ಬರೆಯುವುದನ್ನು ಕಾನೂನೇ ನಿಷೇಧಿಸಿತ್ತು. ಅಲ್ಲಿಂದ ಸ್ವಲ್ಪ ದೂರದ ಸೇಂಟ್ ಹೆಲೆನಾ ದ್ವೀಪದಲ್ಲಿ, ಯುದ್ಧ ನಡೆಯುತ್ತಿದ್ದಾಗಲೇ 1862ರಲ್ಲಿ, ಲಾರಾ ಟೌನ್ ಎಂಬಾಕೆ ಬಿಡುಗಡೆಯಾದವರಿಗಾಗಿ ಪೆನ್ ಶಾಲೆಯನ್ನು ತೆರೆದರು. ಮುಂದಿನ ಭಾನುವಾರ ಹಟ ಹಿಡಿದು ಅಲ್ಲಿಗೂ ಹೋಗಿ ಬಂದೆ. ಅದರ ವಿಚಾರ ಪ್ರತ್ಯೇಕವಾಗಿಯೇ ಬರೆಯಬೇಕು.

ಆ ರಾತ್ರಿ ನಿದ್ದೆ ಬರಲಿಲ್ಲ. ನೆನಪಿಗೆ ಬಂದವನು ಗಂಜಾಮಿನ ಒಬ್ಬ ಹುಡುಗ. 1984ನೆಯ ಇಸವಿಯಿರಬೇಕು. ಎಂಟನೆಯ ತರಗತಿಯಲ್ಲಿ ಮೈಸೂರು ಯುದ್ಧಗಳ ಪಾಠ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಗಳನ್ನು ಬ್ರಿಟಿಷರು ನಾಶಪಡಿಸಿದರು ಎಂದು ಬರೆಸುತ್ತಿದ್ದೆ. ಹಿಂದಿನ ಬೆಂಚಿನಿಂದ ಅವನು ಎದ್ದ. "ಸಾ, ನಮ್ಮನೆ ಜಗಲಿ ಕಲ್ಲು ಅರಮನೇದಂತೆ ಸಾ. ನಮ್ಮಜ್ಜಿ ಹೇಳ್ತದೆ. ನಮ್ಮ ತಾತನ ತಾತ ಗಾಡೀಲಿ ತಂದ್ನಂತೆ." ತರಗತಿ ಗೊಳ್ಳೆಂದಿತು. ನಾನು, "ನಿಮ್ಮಜ್ಜಿ ಪುಸ್ತಕ ಬರೆದಿದಾಳೇನೋ? ಪರೀಕ್ಷೇಲಿ ಇದನ್ನೇ ಬರಿ, ಸೊನ್ನೆ ಕೊಡ್ತೀನಿ. ಕೂತ್ಕೋ" ಎಂದೆ. ಕುಳಿತ. ವರ್ಷವಿಡೀ ಮತ್ತೆ ಏಳಲಿಲ್ಲ.

ಅವನ ಮಾತಿನಲ್ಲಿ ಅಸಂಭವವಾದದ್ದು ಏನಿತ್ತು? ಗಂಜಾಮಿನ ಕಡೆಯ ಲಾಲ್‌ಬಾಗ್ ಅರಮನೆಯ ಗತಿಯನ್ನು ನಾನು ಬಲ್ಲೆನಾದರೂ ಆ ಮಗುವಿಗೆ ಹೇಳಲಿಲ್ಲ. ಅದರ ತೇಗದ ತೊಲೆಗಳನ್ನು ನೀಲಗಿರಿಯ ಮೇಲಕ್ಕೆ ಸಾಗಿಸಿ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಬಳಸಿದರು. ಮದ್ರಾಸಿನ ಗವರ್ನರ್ ಲಷಿಂಗ್‌ಟನ್ 1829ರಲ್ಲಿ ಅಡಿಗಲ್ಲಿಟ್ಟ ಆ ಚರ್ಚು 1830ರಲ್ಲಿ ಕಲ್ಕತ್ತೆಯ ಬಿಷಪ್ಪರಿಂದ ಪ್ರತಿಷ್ಠೆಗೊಂಡಿತು. ಅದೂ ಆಂಗ್ಲಿಕನ್ ಚರ್ಚೇ, ಶೆಲ್ಡನ್ನಿನ ದಾಯಾದಿ. ಅಲ್ಲಿ ಚರ್ಚಿನ ಮರ ಮನೆಗಳಿಗೆ ಹೋಯಿತು, ಇಲ್ಲಿ ಅರಮನೆಯ ಮರ ಚರ್ಚಿಗೆ ಬಂತು. ಗವರ್ನರನು ತೊಲೆ ಒಯ್ದದ್ದನ್ನು ಪುಸ್ತಕ ಬರೆದುಕೊಂಡಿತು. ರೈತನೊಬ್ಬ ಕಲ್ಲು ಒಯ್ದದ್ದನ್ನು ಅವನ ಮೊಮ್ಮಗಳು ನೆನಪಿಟ್ಟುಕೊಂಡಳು. ನಾನು ಒಂದಕ್ಕೆ ಅಂಕ ಕೊಡುವವನು, ಇನ್ನೊಂದಕ್ಕೆ ಸೊನ್ನೆ ಹಾಕುವವನು.

ಶೆಲ್ಡನ್ನಿನ ಗೋಡೆಗಳು ಇಂದಿಗೂ ಅಲ್ಲಿವೆ. ಈಸ್ಟರ್ ಹಬ್ಬದ ಅನಂತರದ ಎರಡನೆಯ ಭಾನುವಾರ ಮಾಡಿಲ್ಲದ ಆ ಅಂಗಳದಲ್ಲೇ ಆರಾಧನೆ ನಡೆಸುವ ವಾಡಿಕೆಯಿದೆ. ನಾವು ಕೈಯಿಟ್ಟು ಮುಟ್ಟಿ ಬಂದ ಇಟ್ಟಿಗೆಗಳಿಗೆ ಈಚಿನ ವರ್ಷಗಳಲ್ಲಿ ಬೇಲಿ ಹಾಕಿದ್ದಾರೆಂದು ಮಗಳು ತಿಳಿಸಿದಳು. ಪುಂಡರ ಕಾಟ, ಮದುವೆ ಫೋಟೋದವರ ನೂಕುನುಗ್ಗಲು. ಇನ್ನೊಂದು ವಿಚಿತ್ರ: ಈ ಅವಶೇಷವನ್ನು ನೋಡಿಕೊಳ್ಳುವ ಬ್ಯೂಫರ್ಟಿನ ಸೇಂಟ್ ಹೆಲೆನಾ ಸಭೆಯೇ 2012ರ ಒಡಕಿನಲ್ಲಿ ತನ್ನ ಡಯೋಸೀಸಿನೊಂದಿಗೆ ಎಪಿಸ್ಕೋಪಲ್ ಚರ್ಚಿನಿಂದ ಹೊರನಡೆಯಿತು. ಆಸ್ತಿ ಯಾರದೆಂದು ವರ್ಷಗಟ್ಟಲೆ ಮೊಕದ್ದಮೆ ನಡೆಯಿತು. ಪಾಲು ಪಂಚಾಯಿತಿ ನಮ್ಮೂರಿನಲ್ಲಿ ಮಾತ್ರವೇನಲ್ಲ.

ಅಮೆರಿಕೆಯಿಂದ ಬಂದ ಮೇಲೆ, ಆ ವರ್ಷದ ದಸರೆ ರಜೆಯಲ್ಲಿ, ಬಸ್ಸಿಳಿದು ಗಂಜಾಮಿನಲ್ಲಿ ವಿಚಾರಿಸುತ್ತ ಹೋದೆ. ಅಜ್ಜಿ ಕಾಲವಾಗಿ ಎಷ್ಟೋ ವರ್ಷವಾಗಿತ್ತು. ಹಳೆಯ ಹೆಂಚಿನ ಮನೆಯ ಜಾಗದಲ್ಲಿ ತಾರಸಿ ಮನೆ ಎದ್ದಿತ್ತು. ಹುಡುಗ ಈಗ ತಲೆ ನರೆಯಲಾರಂಭಿಸಿದ ಗೃಹಸ್ಥ. ಕಾಲಿಗೆ ಬೀಳಲು ಬಂದವನನ್ನು ತಡೆದು, ಆ ದಿನ ತರಗತಿಯಲ್ಲಿ ನಡೆದದ್ದನ್ನು ಹೇಳಿ, ನನ್ನಿಂದ ತಪ್ಪಾಯಿತಪ್ಪ ಎಂದೆ.

"ಅಯ್ಯೋ ಬುಡಿ ಸಾ, ಎಷ್ಟ್ ಜನಕ್ಕೆ ಬೈದಿದ್ದೀರಿ, ನಂಗೆ ಒಬ್ಬಂಗಾ" ಎಂದು ನಕ್ಕ. ನೆನಪಿಲ್ಲವೆಂದು ಮಾತ್ರ ಹೇಳಲಿಲ್ಲ. ಆಮೇಲೆ, "ಕಲ್ಲು ಬಿಸಾಕಿಲ್ಲ ಸಾ, ಬನ್ನಿ" ಎಂದು ಹಿತ್ತಲಿಗೆ ಕರೆದುಕೊಂಡು ಹೋದ. ನಲ್ಲಿಯ ಬಳಿ ಬಟ್ಟೆ ಒಗೆಯುವ ಕಲ್ಲಾಗಿ ಮಲಗಿತ್ತು. ಅವನ ಹೆಂಡತಿ ಅದರ ಮೇಲಿದ್ದ ಸೋಪಿನ ನೊರೆಯ ಮೇಲೆ ಒಂದು ಚೊಂಬು ನೀರು ಸುರಿದಳು. ನೊರೆ ಸರಿದ ಮೇಲೆ ಒಂದು ಅಂಚಿನಲ್ಲಿ ಉಳಿಯಿಂದ ಕೊರೆದ ಗೆರೆಯೂ, ಅದರ ತುದಿಯಲ್ಲಿ ಅರ್ಧ ಮುರಿದ ಹೂವೂ ಕಾಣಿಸಿದವು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಬಗ್ಗಿ ನೋಡಿದೆ. ಅಷ್ಟರಲ್ಲಿ ಒಳಗಿನಿಂದ ಅವನ ಮಗಳು ಕಾಫಿ ತಂದು, "ಇದು ಯಾರ ಕಾಲದ್ದು ಸಾರ್?" ಎಂದು ಕೇಳಿದಳು.

"ನಿಮ್ಮಪ್ಪನ್ನ ಕೇಳಮ್ಮ" ಎಂದೆ.